ಕೆಂಪಾಜಮ್ಮನ ಬೇವಿನ ನೀರು

ಹನೂರಿನ ಕನ್ಯಾಸ್ತ್ರೀಯರ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದ ಕೆಂಪಾಜಮ್ಮ ತನ್ನ ಕೈಯಾರೆ ಹದಿನೆಂಟು ಕೂಸುಗಳಿಗೆ ಜ್ಞಾನಸ್ನಾನ ಮಾಡಿಸಿದವಳು. ತಾನು ಮಾತ್ರ ಒಂದು ದಿನವೂ ಮಾಡಿಸಿಕೊಂಡವಳಲ್ಲ. ಯಳಂದೂರಿನ ಕಡೆಯ ಹುಟ್ಟು, ಮಾದಪ್ಪನ ಒಕ್ಕಲು, ಸೋಮವಾರ ಒಪ್ಪೊತ್ತು, ಹಣೆ ತುಂಬ ವಿಭೂತಿ. ಆ ವಿಭೂತಿ ಒರೆಸಿಕೋ ಎಂದು ಸಿಸ್ಟರುಗಳು ಒಂದು ಸಲವೂ ಹೇಳಲಿಲ್ಲ. ಕೈ ತೊಳೆದುಕೋ ಎಂದು ಮಾತ್ರ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು.

ಆ ಕಾಲದ ಬಸ್ಸುಗಳಲ್ಲಿ ಫಾದರ್ ಬಂದು ಮುಟ್ಟುವವರೆಗೆ ಯಾವ ಕೂಸೂ ಉಸಿರು ಹಿಡಿದುಕೊಂಡು ಕಾಯುತ್ತಿರಲಿಲ್ಲ. ಅದಕ್ಕೇ ಕ್ಲಾರಿಸ್ ಸಿಸ್ಟರ್ ಆಯಾಗಳನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದ್ದರು. ಕ್ರೈಸ್ತರ ಮನೆಯ ಕೂಸು ಕೈಬಿಟ್ಟು ಹೋಗುವಂತಿದ್ದರೆ, ಹತ್ತಿರ ಬೇರೆ ಯಾರೂ ಇಲ್ಲದಿದ್ದರೆ, ನೀವೇ ತಲೆಗೆ ನೀರು ಹುಯ್ದು ಪಿತನ, ಸುತನ, ಪವಿತ್ರಾತ್ಮರ ಹೆಸರಿನ ಆ ಒಂದು ಮಾತು ಹೇಳಿ, ಅದು ಫಾದರ್ ಕೊಟ್ಟಷ್ಟೇ ಗಟ್ಟಿ ಎಂದರು. ತಾನು ಆ ಮತದವಳಲ್ಲವಲ್ಲ ಎಂದು ಕೆಂಪಾಜಮ್ಮ ಹಿಂಜರಿದಳು. ಕೊಡುವವರು ಯಾರಾದರೂ ನಡೆಯುತ್ತದೆ, ನೀರು ನೀರಾಗಿರಬೇಕು, ಮಾತು ತಪ್ಪಬಾರದು, ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿರಬೇಕು ಎಂದು ಸಿಸ್ಟರ್ ಬೆರಳು ಮಡಿಸಿ ತೋರಿಸಿದರು. ತನ್ನೂರಿನ ಗುಡಿಯಲ್ಲಿ ತೀರ್ಥದ ಉದ್ಧರಣೆ ಮುಟ್ಟಲು ಏಳು ತಲೆಮಾರಿನ ಪೂಜಾರಿಕೆ ಬೇಕಿತ್ತು. ಇವರು ನೋಡಿದರೆ ಮೋಕ್ಷದ ಬಾಗಿಲನ್ನೇ ಬಟ್ಟೆ ಒಗೆಯುವವಳ ಕೈಗೆ ಕೊಡುತ್ತಿದ್ದಾರೆ. ಇದು ಉದಾರತೆಯೋ ಉಡಾಫೆಯೋ ಅವಳಿಗೆ ತಿಳಿಯಲಿಲ್ಲ.

ಆ ನೀರಿಗೆಂದು ಸಿಸ್ಟರ್ ಗೋಡೆಯ ನಲ್ಲಿ ತೋರಿಸಿದ್ದರು. ಕೆಂಪಾಜಮ್ಮ ತಲೆಯಾಡಿಸಿದ್ದಳು. ಆದರೆ ಹಸಿ ಬಾಣಂತಿಯ ಕೋಣೆಗೆ ತಣ್ಣೀರು ತಂದವಳನ್ನು ಅತ್ತೆಯರು ಅಟ್ಟಾಡಿಸಿಕೊಂಡು ಬರುವ ಸೀಮೆ ಇದು. ಈಗಷ್ಟೇ ಬಂದು ಈಗಲೇ ಹೊರಟ ಜೀವಕ್ಕೆ ಕೊನೆಗೆ ತಾಗುವುದು ತಣ್ಣೀರು ಎಂದರೆ ಅವಳಿಗೆ ಕೈ ಬರಲಿಲ್ಲ. ಬಾಣಂತಿಯರಿಗೆಂದು ಬೇವಿನ ಸೊಪ್ಪು ಹಾಕಿ ಕಾಯಿಸಿದ ಹಂಡೆಯಿಂದ ಒಂದು ಚೊಂಬು ತುಂಬಿ, ಮೊಣಕೈ ಅದ್ದಿ ಹದ ನೋಡಿ, ಅದನ್ನೇ ಹುಯ್ದಳು. ಮೊದಲ ಕೂಸಿಗೆ ಹಾಗೆ ಮಾಡಿದ ಮೇಲೆ ಎಲ್ಲಕ್ಕೂ ಹಾಗೆಯೇ ಆಯಿತು. ಸಿಸ್ಟರಿಗೆ ಮಾತ್ರ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅವರು ಕೇಳಲಿಲ್ಲ.

ಹದಿನೇಳು ಕೂಸುಗಳು ಹೋದವು. ಪ್ರತಿ ತಾಯಿಯ ಪಕ್ಕದಲ್ಲೂ ಅವಳು ಕೂತು, ನಿನ್ನ ಕೂಸಿಗೆ ನೀರಾಗಿದೆ, ನೆಟ್ಟಗೆ ದೇವರ ಮಡಿಲಿಗೆ ಹೋಯಿತು ಎಂದು ಹೇಳಿದ್ದಳು. ಅದನ್ನು ಕೇಳಿದ ಮೇಲೆಯೇ ಆ ಹೆಣ್ಣುಮಕ್ಕಳು ಒಂದು ಲೋಟ ಗಂಜಿ ಕುಡಿಯುತ್ತಿದ್ದರು. ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟ ಹತ್ತಿದಾಗ ಆ ಕೂಸುಗಳ ಹೆಸರಿನಲ್ಲಿ ಒಂದೊಂದು ಕರ್ಪೂರವನ್ನೂ ಹಚ್ಚಿ ಬರುತ್ತಿದ್ದಳು. ಒಂದೇ ಕಚೇರಿಗೆ ಅರ್ಜಿ ಹಾಕಿ ಕೂರುವುದಕ್ಕಿಂತ ಎರಡು ಕಡೆ ಹೇಳಿಟ್ಟಿರುವುದು ಮೇಲು ಎಂಬುದು ಅವಳ ಲೆಕ್ಕ.

ಬದುಕಿದ್ದು ಒಂದೇ ಒಂದು. ಗೋಪಿನಾಥದಿಂದ ಜೀಪಿನಲ್ಲಿ ಬಂದ ಆರೋಗ್ಯಮ್ಮನ ಗಂಡುಕೂಸು, ಮೈಯೆಲ್ಲ ನೀಲಿಗಟ್ಟಿತ್ತು. ಬೇವಿನ ನೀರು ನೆತ್ತಿಗೆ ಬಿದ್ದದ್ದೇ ಸೀನಿತು, ಆಮೇಲೆ ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ಉಳಿದ ಶಾಸ್ತ್ರವನ್ನು ಫಾದರ್ ಎದುರು ಗುಡಿಯಲ್ಲಿ ಮುಗಿಸಿ ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಸಿಬಿಡು ಎಂದು ಸಿಸ್ಟರ್ ಹೇಳಿ ಕಳಿಸಿದ್ದರು. ಗೋಪಿನಾಥಕ್ಕೆ ಬಸ್ಸು ಬರುವುದೇ ಹಬ್ಬವಾಗಿದ್ದ ದಿನಗಳು, ಆರೋಗ್ಯಮ್ಮನಿಗೆ ಆಗಲಿಲ್ಲ. ಮುಂದೆ ಅವರು ಹನೂರಿಗೇ ಬಂದು ನೆಲೆಸಿದರು. ಎಲ್ಲರೂ ಕಂಡ ಹುಡುಗ, ಯಾರೂ ಜ್ಞಾನಸ್ನಾನದ ಚೀಟಿ ಕೇಳಲಿಲ್ಲ. ಶಾಂತರಾಜು ಎಂಬ ಹೆಸರಿನ ಆ ಹುಡುಗ ಪರಮಪ್ರಸಾದ ತೆಗೆದುಕೊಂಡ, ಗುಡಿಯ ಹಾಡಿಗೆ ತಬಲಾ ಬಾರಿಸಿದ, ಪಂಪ್‌ಸೆಟ್ ಮೆಕ್ಯಾನಿಕ್ ಆದ. ಮೂವತ್ತೊಂದನೆಯ ವಯಸ್ಸಿಗೆ ಕೊಳ್ಳೇಗಾಲದ ಪ್ರೇಮಾಳ ಜೊತೆ ಮದುವೆ ಗೊತ್ತಾದಾಗ, ಮೈಸೂರಿನಿಂದ ಹೊಸದಾಗಿ ಬಂದಿದ್ದ ಫಾದರ್ ಪುಸ್ತಕ ತೆರೆದು ನೋಡಿದರು. ಅಲ್ಲಿ ಅವನ ಹೆಸರೇ ಇರಲಿಲ್ಲ.

ಆಸ್ಪತ್ರೆ ಮುಚ್ಚಿ ಹತ್ತು ವರ್ಷ, ಕ್ಲಾರಿಸ್ ಸಿಸ್ಟರ್ ತೀರಿಕೊಂಡು ಎಂಟು ವರ್ಷ. ನೀರಾಗಿದೆ ಎನ್ನಲು ನಂಬಿಕಸ್ಥ ಸಾಕ್ಷಿ ಒಬ್ಬರಿದ್ದರೂ ಸಾಕು, ಗುಡಿಯಲ್ಲಿ ಮದುವೆ ಮಾಡಿಸುತ್ತೇನೆ ಎಂದರು ಫಾದರ್. ಹಾಗಾಗಿ ಒಂದು ಭಾನುವಾರ ಹನ್ನೊಂದು ಗಂಟೆಗೆ, ಎಪ್ಪತ್ತು ತುಂಬಿದ ಕೆಂಪಾಜಮ್ಮ ವಿಭೂತಿ ಹಚ್ಚಿಕೊಂಡು ಆರೋಗ್ಯಮ್ಮನ ಹಜಾರದಲ್ಲಿ ಫಾದರ್ ಎದುರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು.

ಹೆಣ್ಣಿನ ತಂದೆ ಸ್ಯಾಮ್ಯುಯೆಲ್ ಜವರಯ್ಯ ಬಂದಿದ್ದರು. ನಿವೃತ್ತ ಮೇಷ್ಟ್ರು, ಕೊಳ್ಳೇಗಾಲದ ಪ್ರಾಟೆಸ್ಟೆಂಟ್ ಸಭೆಯ ಹಿರಿಯರು. ಇನ್ನೊಬ್ಬ ಆರೋಗ್ಯಮ್ಮನ ತಮ್ಮ ಚಿನ್ನಪ್ಪ. ಇಪ್ಪತ್ತೈದು ವರ್ಷದ ಹಿಂದೆ ಫಾದರ್‌ಗಳ ಗುಡಿ ಬಿಟ್ಟು, ಕಾವೇರಿಯಲ್ಲಿ ಮುಳುಗಿ ಎದ್ದು, ಪಾಸ್ಟರ್ ಎಲಿಷಾ ಆದವನು. ಹೊಳೆ ಅವನ ಹಳೆಯ ಪಾಪವನ್ನೂ ಹಳೆಯ ಹೆಸರನ್ನೂ ತೊಳೆದುಕೊಂಡು ಹೋಗಿತ್ತು, ರೇಷನ್ ಕಾರ್ಡೊಂದನ್ನು ಬಿಟ್ಟು.

ಚಿನ್ನಪ್ಪನನ್ನು ಕಂಡು ಕೆಂಪಾಜಮ್ಮ ಕುರ್ಚಿಯಲ್ಲೇ ಸ್ವಲ್ಪ ಹಿಂದಕ್ಕೆ ಸರಿದಳು. ಅವನು ಹೊಳೆಯಲ್ಲಿ ಮುಳುಗಿದ ವರ್ಷವೇ, ಹೂಗ್ಯದಲ್ಲಿದ್ದ ಅವನ ಹೆಂಡತಿ ಮೊದಲ ಹೆರಿಗೆಗೆ ಆಸ್ಪತ್ರೆಗೆ ಬಂದಿದ್ದಳು. ಹೆಣ್ಣುಕೂಸು, ಒಂದು ಗಳಿಗೆಯೂ ಇರಲಿಲ್ಲ. ನೀರು ಹಾಕಮ್ಮ ಎಂದು ಆ ತಾಯಿಯೇ ಕೆಂಪಾಜಮ್ಮನ ಸೆರಗು ಹಿಡಿದು ಬೇಡಿದ್ದಳು. ಕೂಸಿಗೆ ನೀರು ಹಾಕಕೂಡದು ಎನ್ನುವ ಗಂಡನಿಗೆ ಗೊತ್ತಾದರೆ ಮನೆ ಒಡೆದುಹೋಗುತ್ತದೆ, ಯಾರಿಗೂ ಹೇಳಬೇಡ ಎಂದು ಮಾದಪ್ಪನ ಮೇಲೆ ಆಣೆಯನ್ನೂ ಹಾಕಿಸಿಕೊಂಡಿದ್ದಳು. ಕ್ರೈಸ್ತರ ಹೆಣ್ಣುಮಗಳು ಯೇಸುವಿನ ನೀರಿಗೆ ಮಾದಪ್ಪನ ಆಣೆ ಹಾಕಿಸಿದ್ದು ಕೆಂಪಾಜಮ್ಮನಿಗೆ ವಿಚಿತ್ರ ಅನ್ನಿಸಲಿಲ್ಲ. ಆಣೆ ಉಳಿಯುವುದು ಯಾವ ದೇವರ ಮೇಲೆ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು.

ಕಾಫಿ ಮುಗಿಯುವ ಮೊದಲೇ ವಾದ ಹತ್ತಿಕೊಂಡಿತು. ಕೂಸಿಗೆ ನೀರು ಚಿಮುಕಿಸುವುದು ನಮ್ಮಲ್ಲೂ ಉಂಟು, ಆದರೆ ಪಾದ್ರಿ ಅಯ್ಯನವರ ಕೈಯಲ್ಲಿ, ಸಭೆಯ ಎದುರು, ಆಮೇಲೆ ಹದಿನಾರಕ್ಕೆ ಮಕ್ಕಳೇ ನಿಂತು ದೃಢೀಕರಣ ಕೊಡಬೇಕು ಎಂದರು ಜವರಯ್ಯ. ಸಾಯುವ ಕೂಸನ್ನು ದೇವರು ನೀರಿನ ಗುರುತು ನೋಡದೆಯೇ ಕರೆದುಕೊಳ್ಳುತ್ತಾನೆ, ಆಯಾಗಳಿಗೆ ಆ ಆತುರವೇ ಬೇಕಿಲ್ಲವಂತೆ. ಅಷ್ಟಾಗಿಯೂ, ಯಾವ ನೀರಾದರೂ ಸರಿ, ಗೊತ್ತು ಮಾಡಿದ ತಾರೀಕು ಮಾತ್ರ ಮುಂದಕ್ಕೆ ಹೋಗಬಾರದು ಎಂದೂ ಸೇರಿಸಿದರು. ಚಿನ್ನಪ್ಪ ನಕ್ಕ. ನಂಬಿಕೆ ಎಂದರೇನೆಂದು ತಿಳಿಯದ ಕೂಸಿನ ತಲೆಗೆ ನೀರು ಹುಯ್ದರೆ ಕೂದಲು ನೆನೆಯುತ್ತದೆ, ಅಷ್ಟೇ ಎಂದ. ಪೂರ್ತಿ ಮುಳುಗದೆ ಸ್ನಾನವಿಲ್ಲ, ಮುಂದಿನ ಭಾನುವಾರ ಶಾಂತರಾಜುವನ್ನು ಹೊಳೆಗೆ ಕರೆದುಕೊಂಡು ಹೋಗುತ್ತೇನೆ, ಎಲ್ಲ ಅನುಮಾನವೂ ಒಂದೇ ಮುಳುಗಿಗೆ ಪರಿಹಾರ ಎಂದ. ಕೂದಲಿನ ಆ ಮಾತು ಕೆಂಪಾಜಮ್ಮನಿಗೆ ಚುಚ್ಚಿತು. ಹೂಗ್ಯದ ಆ ಪುಟ್ಟ ತಲೆಯಲ್ಲಿ ನೆನೆಯಲು ಕೂದಲೂ ಇರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಕಾಫಿಯ ಜೊತೆ ನುಂಗಿದಳು.

ಫಾದರ್ ಎಳೆಯರು, ಪಾಠ ಮರೆಯದವರು. ಯಾವ ಮಾತು ಹೇಳಿದಿರಿ ಎಂದು ಕೇಳಿದರು. ಅವಳು ಒಪ್ಪಿಸಿದಳು, ಒಂದಕ್ಷರ ತಪ್ಪಲಿಲ್ಲ. ನೀರು ನೆತ್ತಿಯ ಮೇಲೆ ಹರಿಯಿತೇ ಎಂದರು. ಹರಿಯಿತು ಎಂದಳು. ನಲ್ಲಿಯ ನೀರು ತಾನೇ ಎಂದು ಬರೆಯುತ್ತಲೇ ಕೇಳಿದರು.

ಹೌದು ಎಂದಿದ್ದರೆ ಕೆಲಸ ಮುಗಿದಿತ್ತು. ಕೆಂಪಾಜಮ್ಮ ಸುಳ್ಳು ಹೇಳದವಳೇನಲ್ಲ. ಸಿಸ್ಟರುಗಳ ಹತ್ತಿರ ರಜೆ ಕೇಳುವಾಗ ಯಳಂದೂರಿನ ತನ್ನ ಅಜ್ಜಿಯನ್ನು ಮೂರು ಸಲ ಸಾಯಿಸಿದವಳು. ಆದರೆ ಈ ನೀರಿನ ವಿಷಯದಲ್ಲಿ ಅವಳಿಗೆ ಸುಳ್ಳು ಬರಲಿಲ್ಲ. ಅಂಡೆಯದು ಸಾ, ಬೇವಿನ ಸೊಪ್ಪು ಆಕಿ ಕಾಯ್ಸಿದ್ದು ಎಂದಳು.

ಫಾದರ್ ಪೆನ್ನು ನಿಂತಿತು. ಅದು ನೀರೋ ಕಷಾಯವೋ ಎಂಬ ಪ್ರಶ್ನೆ ಎದ್ದಿತು. ಸೊಪ್ಪು ಎಷ್ಟಿತ್ತು, ಬಣ್ಣ ತಿರುಗಿತ್ತೇ ಎಂದೆಲ್ಲ ವಿಚಾರಣೆ ನಡೆಯಿತು. ಕೇಳಿದ ಮೂವರೂ ಗಂಡಸರು, ಒಬ್ಬರೂ ಬಾಣಂತಿಯ ಹಂಡೆ ಇಣುಕಿ ನೋಡಿದವರಲ್ಲ. ಕೊನೆಗೆ ಫಾದರ್ ಒಂದು ದಾರಿ ಹೇಳಿದರು. ಅನುಮಾನ ಇರುವ ಕಡೆ, ನಿನಗೆ ಈ ಮೊದಲು ಆಗಿರದಿದ್ದರೆ ಎಂದು ಒಂದು ಮಾತು ಸೇರಿಸಿ ಮತ್ತೆ ನೀರು ಹುಯ್ಯಲು ಅವಕಾಶವಿದೆ, ಐದು ನಿಮಿಷದ ಕೆಲಸ. ಜವರಯ್ಯನವರ ಮುಖ ಅರಳಿತು. ಚಿನ್ನಪ್ಪ ಕೂಡ ಹೇಗೂ ಎರಡನೆಯದು ಬೇಕೆಂದು ಒಪ್ಪಿದಿರಲ್ಲ ಎಂದು ಗೆದ್ದವನಂತೆ ಕೂತ. ಎಲ್ಲರಿಗೂ ಸಮಾಧಾನವಾಗಿತ್ತು, ಕೆಂಪಾಜಮ್ಮನೊಬ್ಬಳನ್ನು ಬಿಟ್ಟು. ಅವಳು ಕಾಫಿ ಲೋಟ ಕೆಳಗಿಟ್ಟು ಫಾದರ್ ಕಡೆ ತಿರುಗಿದಳು.

"ಬದ್ಕಿರೋನ್ಗೆ ಇನ್ನೊಂದ್ಸಲ ಉಯ್ತೀರಿ ಸಾ. ಸತ್ತೋದ ಅದ್ನೇಳು ಕೂಸ್ಗೆ ಯಾರ್ ಉಯ್ದರು? ದೇವ್ರ್ ಮಡ್ಲಿಗೆ ಓದೊ ಅಂತ ಅವ್ರ ತಾಯ್ದೀರ್ಗೆ ಯೋಳಿವ್ನಿ. ಈಗ ಮನೆ ಮನೆಗೋಗಿ, ಅನ್ಮಾನ ಅದೆ ಕನ್ರವ್ವ ಅಂತ ಯೋಳ್ಲಾ?"

ಕೂಸುಗಳಿಗೆ ಸ್ನಾನವೇ ಬೇಕಿಲ್ಲ ಎಂಬ ಉತ್ತರ ಚಿನ್ನಪ್ಪನ ಬಳಿ ಸಿದ್ಧವಾಗಿಯೇ ಇರುತ್ತಿತ್ತು, ಪ್ರತಿ ಭಾನುವಾರ ಮೈಕಿನಲ್ಲಿ ಹೇಳುತ್ತಿದ್ದ. ಈಗ ಅವನು ಕೆಂಪಾಜಮ್ಮನ ಕೈಗಳನ್ನೇ ನೋಡುತ್ತಿದ್ದ. ಫಾದರ್ ಕಾಗದವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಆ ಹಂಡೆಯಲ್ಲಿರುವುದನ್ನು ನಿಮ್ಮ ಕಡೆ ಏನೆಂದು ಕರೆಯುತ್ತೀರಮ್ಮ ಎಂದು ಕೇಳಿದರು.

"ನೀರು ಅಂತೀವಿ ಸಾ. ಸೊಪ್ಪು ಬಿದ್ರೆ ಒಳೆ ಒಳೆಯಲ್ದೆ ಓದದಾ?"

ಫಾದರ್ ಕಾಗದದ ಮೇಲೆ ನೀರು ಎಂದು ಬರೆದರು. ಬೇವು ಎಂದು ಬರೆಯಲಿಲ್ಲ. ಶಾಂತರಾಜು ಆವರೆಗೆ ಬಾಗಿಲಿಗೆ ಒರಗಿ ನಿಂತಿದ್ದವನು ಬಂದು ಅವಳ ಕಾಲು ಮುಟ್ಟಿದ. ಸಾಕ್ಷಿ ಎಂಬಲ್ಲಿ ಅವಳು ದಪ್ಪ ಅಕ್ಷರದಲ್ಲಿ ಕೆಂಪಾಜಮ್ಮ ಎಂದು ರುಜು ಹಾಕಿದಳು. ಜ್ಞಾನಸ್ನಾನದಲ್ಲಿ ಕೂಸಿನ ಹೊಣೆ ಹೊರುವ ಜ್ಞಾನತಾಯಿಯದು ಎಂಬ ಇನ್ನೊಂದು ಗೆರೆ ಖಾಲಿ ಇತ್ತು. ಅಲ್ಲಿ ಕ್ಯಾಥೊಲಿಕರ ಹೆಸರೇ ಇರಬೇಕೆಂಬ ನಿಯಮವಂತೆ, ಫಾದರ್ ಅದನ್ನು ಖಾಲಿಯೇ ಬಿಟ್ಟರು.

ಅವಳು ಹೊರಗೆ ಬಂದು ಜಗಲಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದಾಗ ಚಿನ್ನಪ್ಪ ಹಿಂದೆಯೇ ಬಂದ. ಚಪ್ಪಲಿಯನ್ನು ತಾನೇ ಎತ್ತಿ ಅವಳ ಮುಂದಿಟ್ಟ. ಪಾಸ್ಟರ್ ಎಲಿಷಾ ಯಾರ ಚಪ್ಪಲಿಯನ್ನೂ ಮುಟ್ಟಿದ್ದನ್ನು ಹನೂರು ಕಂಡಿರಲಿಲ್ಲ. ತಲೆ ಎತ್ತದೆಯೇ ಕೇಳಿದ.

"ಎಲ್ಲಾ ಕೂಸ್ಗಳ್ಗೂ ಬೆಚ್ಗಿರ ನೀರೇ ಉಯ್ತಿದ್ಯಾ ಕೆಂಪಾಜಮ್ಮ?"

ಅವಳಿಗೆ ಆಣೆ ನೆನಪಾಯಿತು. ಅವನ ಮುಖವೂ ಕಂಡಿತು.

"ಎಲ್ಲಕ್ಕೂವೆ ಕನಪ್ಪ. ಊಗ್ಯದ ಕೂಸ್ಗೂವೆ."

ಅವನು ಹೂಗ್ಯದ ಹೆಸರೇ ಎತ್ತಿರಲಿಲ್ಲ. ಜಗಲಿಯ ಅಂಚಿಗೆ ಕುಸಿದು ಕೂತು, ಸಣ್ಣ ಮಕ್ಕಳ ಹಾಗೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಕೆಂಪಾಜಮ್ಮ ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಈ ಸಲ ಬೆಟ್ಟಕ್ಕೆ ಹೋದಾಗ ಹದಿನೇಳರ ಜೊತೆಗೆ, ಆಣೆ ತಪ್ಪಿದ್ದಕ್ಕೆಂದು ಇನ್ನೂ ಒಂದು ಕರ್ಪೂರ ಹಚ್ಚಬೇಕು.