ಯಾಕಣ್ಣನ ಕಟಿಂಗ್ ಶಾಪೂ ಏಳು ಜನರ ರಗ್ಬಿಯೂ

ನಮ್ಮ ಬೀದಿಯ ಕಟಿಂಗ್ ಶಾಪಿನವನು ತೀರಿಕೊಂಡ. ಅಂಗಡಿಯ ಶಟರ್ ಎಳೆದೇ ಇದೆ. ಗೊತ್ತಿದ್ದೂ ಬೆಳಿಗ್ಗೆ ಜನ ಆ ಕಡೆ ಹೋಗುತ್ತಾರೆ, ಒಂದು ಗಳಿಗೆ ನಿಂತು ಗಡ್ಡ ಸವರಿಕೊಳ್ಳುತ್ತಾರೆ, ಮುಂದೆ ಸಾಗುತ್ತಾರೆ. ಶಟರಿಗೆ ಅಂಟಿಸಿದ ಕಾಗದದಲ್ಲಿ ಅವನ ನಿಜವಾದ ಹೆಸರು ಓದಿದ ಅರ್ಧ ಬೀದಿಗೆ ಇದು ಯಾರೆಂದೇ ತಿಳಿಯಲಿಲ್ಲ. ಎಲ್ಲರಿಗೂ ಅವನು ಯಾಕಣ್ಣ.

ಯಾಕೆ ಎಂದು ಕೇಳದೆ ಅವನು ಯಾವುದನ್ನೂ ಬಿಟ್ಟವನಲ್ಲ. ಬಸ್ಸಿನ ಡ್ರೈವರ್ ಕುರ್ಚಿಯಲ್ಲಿ ಕೂತರೆ, ಎಂಜಿನ್ ಆಫ್ ಮಾಡಿದ ಮೇಲೂ ಅದು ಟಿಕ್ ಟಿಕ್ ಅನ್ನುವುದು ಯಾಕೆ ಎನ್ನುವುದು. ಡಾಕ್ಟರು ಕೂತರೆ, ವಯಸ್ಸಾದ ಮೇಲೆ ತಲೆಯ ಕೂದಲೆಲ್ಲ ಕಿವಿಗೆ ವಲಸೆ ಹೋಗುವುದು ಯಾಕೆ ಎನ್ನುವುದು. ಉತ್ತರ ಬರುವವರೆಗೆ ಕತ್ತರಿ ಗಾಳಿಯಲ್ಲೇ ನಿಂತಿರುತ್ತಿತ್ತು. ಅವಸರವಿದ್ದವರು ಏನೋ ಒಂದು ಸುಳ್ಳು ಹೇಳಿ ತಲೆ ಬಿಡಿಸಿಕೊಳ್ಳುತ್ತಿದ್ದರು. ಮರುದಿನ ಅವನು ಆ ಸುಳ್ಳನ್ನು ಇನ್ನೊಬ್ಬರ ಬಳಿ ತೂಗಿ ನೋಡಿರುತ್ತಿದ್ದ.

ಇಂಥವನ ಕಿರಿಯ ಮಗ ರಗ್ಬಿ ಆಟಗಾರನಾದ. ಅದೂ ದೇಶದ ತಂಡದಲ್ಲಿ. ಏಳೇಳು ಜನ ಆಡುವ ಚುಟುಕು ರಗ್ಬಿ. ಒಬ್ಬರಿಗೆ ಕಟಿಂಗೂ ಶೇವಿಂಗೂ ಮುಗಿಸುವಷ್ಟರಲ್ಲಿ ಒಂದು ಪಂದ್ಯ ಮುಗಿದುಹೋಗುತ್ತದೆ. ನಮ್ಮ ಬೀದಿಯಲ್ಲಿ ಆ ಆಟವನ್ನು ಕಂಡವರಿರಲಿಲ್ಲ. ಯಾಕಣ್ಣನೂ ಕಂಡಿರಲಿಲ್ಲ. ಆದರೆ ಮಗ ಆಡುವ ಆಟ ಅಪ್ಪನಿಗೆ ಗೊತ್ತಿಲ್ಲವೆಂದರೆ ಅವನಿಗೆ ಊಟ ಸೇರಬೇಕಲ್ಲ! ಮನೆಗೆ ಬಂದಾಗಲೆಲ್ಲ ಮಗನನ್ನು ಕೂರಿಸಿಕೊಂಡು ಜೀವ ತಿನ್ನುತ್ತಿದ್ದ.

“ಮುಂದಕ್ಕೆ ಹೋದ್ರೇನೇ ಗೆಲ್ಲೋದು ಅಂತೀಯ. ಚೆಂಡು ಮಾತ್ರ ಹಿಂದಕ್ಕೇ ಎಸೀಬೇಕು ಅಂತೀಯ. ಯಾಕೆ?”

“ಅಪ್ಪಾ, ರೂಲು ಅದು.”

“ರೂಲಪ್ಪಾ, ಸರಿ. ಯಾಕೆ?”

ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು: “ಮಗು ಒಂದು ತುತ್ತು ತಿನ್ಲಿ ಬಿಡ್ರೀ. ಕೋರ್ಟಲ್ಲೂ ಇಷ್ಟು ಕೇಳಲ್ಲ.”

ತಂಡದ ಹುಡುಗರು ಅವನ ಅಂಗಡಿಗೆ ಬರತೊಡಗಿದ್ದು ಕಾಲಿನ ಕಾರಣಕ್ಕೆ. ಪ್ರವಾಸ ಹೊರಡುವ ಹಿಂದಿನ ದಿನ ಎಲ್ಲರೂ ಸಾಲಾಗಿ ಕೂತು, ಪಾದದ ಗಿಣ್ಣಿನ ಸುತ್ತ ಕೂದಲು ಬೋಳಿಸು ಅಂದರು. ಯಾಕಣ್ಣ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಅವರ ಒಂದೊಂದೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೋಳಿಸಿದ. ಇಷ್ಟು ವರ್ಷ ಮೇಲಿನಿಂದ ಮಾಡಿದ ಕಸುಬು ಈಗ ಕೆಳಗಿನಿಂದ ಶುರುವಾಯಿತು ಅಂತ ನಕ್ಕ. ಗಿಣ್ಣು ಉಳುಕದಂತೆ ಅಂಟಿನ ಪಟ್ಟಿ ಸುತ್ತುತ್ತಾರಂತೆ, ಕೂದಲಿದ್ದರೆ ಕೀಳುವಾಗ ನೋವಂತೆ. ಕೇಳಿ ಸುಮ್ಮನಾಗಲಿಲ್ಲ. ಒಂದು ತುಂಡು ಪಟ್ಟಿ ಇಸಿದುಕೊಂಡು ತನ್ನ ಮುಂಗೈಗೆ ಅಂಟಿಸಿ, ಸರ್ರನೆ ಕಿತ್ತ. ಅವನು ಕಿರುಚಿದ್ದು ಕೇಳಿ ಪಕ್ಕದ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಹಿಡಿದೇ ಓಡಿಬಂದ.

“ಹಾವು ಕಚ್ಚಿತೇನಯ್ಯಾ?”

“ಇಲ್ಲಪ್ಪ,” ಅಂದ ಯಾಕಣ್ಣ ಕಣ್ಣೊರೆಸಿಕೊಂಡು, “ಇವರು ಹೇಳಿದ್ದು ನಿಜ.”

ಒಂದು ವರ್ಷದ ವಿಷಯ ಹೇಳಬೇಕು. ನಮ್ಮ ದೇಶದ ತಂಡ ಇದ್ದದ್ದು ಎರಡನೆಯ ದರ್ಜೆಯಲ್ಲಿ. ಅಲ್ಲಿನ ತಂಡಗಳು ಮೂರು ದೇಶಗಳಲ್ಲಿ ಮೂರು ಸುತ್ತು ಆಡುತ್ತವೆ, ಎಲ್ಲ ಸುತ್ತಿನ ಅಂಕ ಕೂಡಿಸಿ ಮೇಲಿನ ಎರಡು ತಂಡಗಳಿಗೆ ಮೊದಲನೆಯ ದರ್ಜೆಗೆ ಬಡ್ತಿ. ಮಗನಿಗೆ ಮೂವತ್ತು ಹತ್ತಿರವಾಗುತ್ತಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಸೀಸನ್ ಶುರುವಾಗುವ ಮೊದಲೇ ಮನೆಯಲ್ಲಿ ಹೇಳಿಬಿಟ್ಟಿದ್ದ: “ಈ ಸಲ ಬಡ್ತಿ ಸಿಕ್ಕಿದ್ರೆ ಮೇಲಿನವರ ಜೊತೆ ಒಂದು ವರ್ಷ ಆಡ್ತೀನಿ. ಸಿಗದಿದ್ರೆ ಸಾಕು. ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರಾಗ್ತೀನಿ.” ಒಮ್ಮೆಯಾದರೂ ಮಗ ಆ ಮೇಲಿನವರ ಜೊತೆ ಆಡಲಿ ಎಂಬುದು ಯಾಕಣ್ಣನಿಗೆ ಎದೆಯೊಳಗೆ ಕೂತುಬಿಟ್ಟಿತು.

“ಅಂದ್ರೆ ನಿನ್ನ ಮಗ ಸದ್ಯಕ್ಕೆ ಸೆಕೆಂಡ್ ಕ್ಲಾಸು,” ಅಂದ ಇಸ್ತ್ರಿಯವನು.

“ಹೌದು, ಸೆಕೆಂಡ್ ಕ್ಲಾಸು. ನೀನು ಯಾವ ಕ್ಲಾಸಲ್ಲಿ ಪಾಸಾಗಿದ್ದೆ ಹೇಳು ಮತ್ತೆ?”

ಇಸ್ತ್ರಿಯವನು ಅಂಗಿಯ ಕಾಲರಿನ ಕಡೆ ಗಮನ ಕೊಟ್ಟ.

ಮೊದಲ ಎರಡು ಸುತ್ತು ಪರದೇಶದಲ್ಲಿ ನಡೆದವು. ಕನ್ನಡಿಗೆ ಫೋನ್ ಒರಗಿಸಿ ಬೀದಿಯವರೆಲ್ಲ ಅಂಗಡಿಯಲ್ಲೇ ನೋಡಿದರು. ಯಾಕಣ್ಣ ಅಷ್ಟರಲ್ಲಿ ಆಟ ಕಲಿತಿದ್ದ, ಕಲಿತದ್ದನ್ನು ಹಂಚದೆ ಅವನಿಂದ ಇರಲಾಗುತ್ತಿರಲಿಲ್ಲ. ಕನ್ನಡಿಯ ಕೆಳಗಿನ ಹಲಗೆಯೇ ಮೈದಾನ. ಪೌಡರ್ ಡಬ್ಬಿ ಕ್ಯಾಪ್ಟನ್, ಕ್ರೀಮ್ ಟ್ಯೂಬು ಮಗ, ಬ್ರಷ್ಷು, ಬಾಚಣಿಗೆಗಳು ಉಳಿದವರು. ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ಟ್ರೈ ಅನ್ನುತ್ತಾರೆ ಎಂದು ತೋರಿಸುವಾಗ ಸಾಬೂನನ್ನು ಹಲಗೆಗೆ ಹೇಗೆ ಒತ್ತುತ್ತಿದ್ದನೆಂದರೆ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಯೂ ಚಪ್ಪಾಳೆ ತಟ್ಟುತ್ತಿದ್ದ.

ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಕೊನೆಯ ರೂಲು. ಸಮಯ ಮುಗಿದು ಹೂಟರ್ ಕೂಗಿದರೂ ಆಟ ಮುಗಿಯುವುದಿಲ್ಲ. ಚೆಂಡು ಎಲ್ಲಿಯವರೆಗೆ ಆಟದಲ್ಲಿ ಜೀವಂತವಾಗಿರುತ್ತದೋ ಅಲ್ಲಿಯವರೆಗೆ ಆಡಬಹುದು. “ಅದಕ್ಕೇ ನೋಡಿ,” ಎನ್ನುತ್ತಿದ್ದ, “ನಾವು ಮುಂದಿದ್ರೆ, ಹೂಟರ್ ಆದ ತಕ್ಷಣ ಚೆಂಡನ್ನ ಗೆರೆಯಾಚೆ ಒದ್ದುಬಿಡ್ಬೇಕು. ಕಥೆ ಮುಗೀತು.” ಆ ಎರಡು ಸುತ್ತುಗಳಲ್ಲಿ ಹಾಗೆಯೇ ಗೆದ್ದದ್ದೂ ಆಯಿತು. ಹೂಟರ್ ಕೇಳಿದೊಡನೆ ಇಡೀ ಅಂಗಡಿ “ಹೊರಗೆ ಒದಿ!” ಎಂದು ಅರಚುವುದು ರೂಢಿಯಾಯಿತು. ಬೀದಿಯಲ್ಲಿ ಯಾರ ಕುಕ್ಕರ್ ಕೂಗಿದರೂ ಯಾರೋ ಒಬ್ಬರು “ಹೊರಗೆ ಒದಿ” ಅನ್ನುವಷ್ಟು.

ಕೊನೆಯ ಸುತ್ತು ನಮ್ಮೂರಲ್ಲೇ ನಡೆಯಿತು. ಕೊನೆಯ ದಿನದ ಲೆಕ್ಕ ಇಷ್ಟು: ಕೊನೆಯ ಪಂದ್ಯ ಗೆದ್ದರೆ ಬಡ್ತಿಯ ಎರಡನೆಯ ಜಾಗಕ್ಕೆ ನಮ್ಮವರೂ ಇನ್ನೊಂದು ತಂಡವೂ ಅಂಕದಲ್ಲಿ ಸಮಸಮ, ಆಗ ನೋಡುವುದು ಗೆಲುವಿನ ಅಂತರ. ಆ ತಂಡದ ಆಟ ಮುಗಿದಿತ್ತು. ನಮ್ಮವರು ಬರೀ ಗೆದ್ದರೆ ಸಾಲದು, ಎರಡು ಟ್ರೈಗಳ ಅಂತರದಿಂದ ಗೆಲ್ಲಬೇಕು. ಇದನ್ನು ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಬಿಡಿಸಿ ಹೇಳಿದವನು ಬೇರೆ ಯಾರೂ ಅಲ್ಲ, ಯಾಕಣ್ಣನೇ. ಹೇಳಿ ಅಂಗಡಿ ಮುಚ್ಚಿ, ಹೆಂಡತಿಯನ್ನೂ ಬೀದಿಯವರನ್ನೂ ಕರೆದುಕೊಂಡು ಹೋಗಿ ಗ್ಯಾಲರಿಯ ಒಂದು ಮೂಲೆ ತುಂಬಿಸಿದ.

ಆ ಪಂದ್ಯದಲ್ಲಿ ಅವನು ಕೂತದ್ದೇ ಇಲ್ಲ. ನಮ್ಮವರು ಒಂದು ಟ್ರೈ ಮುಂದಿದ್ದಾಗ ಹೂಟರ್ ಕೂಗಿತು. ಚೆಂಡು ನಮ್ಮವರ ಕೈಯಲ್ಲೇ ಇತ್ತು. ಇನ್ನೊಂದು ಟ್ರೈಗೆ ಓಡಲು ದಾರಿಯೂ ಇತ್ತು. ಒಬ್ಬರಿಂದೊಬ್ಬರಿಗೆ ದಾಟಿ ಚೆಂಡು ಮಗನ ಕೈಗೆ ಬಂತು, ಗ್ಯಾಲರಿಯ ಕೆಳಗೇ, ಗೆರೆಯ ಹತ್ತಿರ. ಆಗ ಮೊದಲು ತೆರೆದ ಗಂಟಲು ಯಾಕಣ್ಣನದು.

“ಹೊರಗೆ ಒದಿ!”

ಬೀದಿ ಬೀದಿಯೇ ಕೂಗಿತು. ಆಟ ಗೊತ್ತಿಲ್ಲದೆ ಬಂದಿದ್ದ ಅಕ್ಕಪಕ್ಕದವರೂ ಇವರಿಗೆ ಗೊತ್ತಿರಬೇಕು ಎಂದುಕೊಂಡು ಕೂಗಿದರು. ಮಗ ಒದ್ದ. ಚೆಂಡು ಗೆರೆ ದಾಟಿ ಹೋಗಿ ಬೇಲಿಗೆ ಬಡಿಯಿತು. ಪಂದ್ಯ ಮುಗಿಯಿತು. ಗೆದ್ದೆವು.

ಯಾಕಣ್ಣ ಇಸ್ತ್ರಿಯವನನ್ನು ಅಪ್ಪಿಕೊಂಡು ಕುಣಿಯುತ್ತಿದ್ದ. ಹೆಂಡತಿಯೇ ತೋಳು ಹಿಡಿದು ಜಗ್ಗಿದಳು: “ಗೆದ್ರಲ್ಲ, ಮತ್ತೆ ಅವರೆಲ್ಲ ಯಾಕ್ರೀ ತಲೆ ಮೇಲೆ ಕೈ ಹೊತ್ಕೊಂಡಿದ್ದಾರೆ?”

ಅವನು ಮೈದಾನದ ಕಡೆ ನೋಡಿದ. ಕ್ಯಾಪ್ಟನ್ ನೆಲದ ಮೇಲೆ ಕೂತುಬಿಟ್ಟಿದ್ದ. ಮಗ ಎರಡೂ ಕೈ ಸೊಂಟಕ್ಕಿಟ್ಟು ಚೆಂಡು ಬಿದ್ದ ಕಡೆಯೇ ನೋಡುತ್ತಿದ್ದ. ಬೆಳಿಗ್ಗೆ ತಾನೇ ಹೇಳಿದ ಲೆಕ್ಕ ಯಾಕಣ್ಣನಿಗೆ ಆಗ ನೆನಪಾಯಿತು. ಆಮೇಲೆ ಅವನು ಮನೆಯವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆಂಡತಿಗೆ ಗಾಬರಿಯಾದದ್ದು ಅದಕ್ಕೇ.

ಮಗ ತಾನು ಬಾಡಿಗೆಗಿದ್ದ ರೂಮಿಗೆ ಹೋದವನು ವಾರವಾದರೂ ಮನೆ ಕಡೆ ಬರಲಿಲ್ಲ. ಪತ್ರಿಕೆಯವರು ಅವನನ್ನು ಮರೆಗುಳಿ ಅಂದರು. ಯಾಕಣ್ಣನಿಗೆ ಒಂದೇ ತಿಳಿಯಬೇಕಿತ್ತು: ಮಗ ಒದ್ದದ್ದು ತಾನಾಗಿಯೋ, ನಾವು ಕೂಗಿದ್ದಕ್ಕೋ? ಕೇಳಲು ಬಾಯಿ ಬರಲಿಲ್ಲ. ಆದರೆ ತಿಳಿಯದೆ ಇರುವುದು ಅವನ ಜಾಯಮಾನವಲ್ಲ. ಒಂದು ರಜೆಯ ದಿನ ಮೈದಾನದ ಕಾವಲುಗಾರನ ಕೈಕಾಲು ಹಿಡಿದು ಬಾಗಿಲು ತೆರೆಸಿದ. ಬೀದಿಯವರಲ್ಲಿ ಬಂದಷ್ಟು ಜನರನ್ನು ಅದೇ ಗ್ಯಾಲರಿಯಲ್ಲಿ ಕೂರಿಸಿದ. ಇಸ್ತ್ರಿಯವನನ್ನು ಮೈದಾನದ ನಡುವೆ, ಕ್ಯಾಪ್ಟನ್ ಇದ್ದ ಜಾಗದಲ್ಲಿ ನಿಲ್ಲಿಸಿದ. ತಾನು ಮಗ ಇದ್ದ ಜಾಗದಲ್ಲಿ ನಿಂತ.

“ನಾನು ಕೈ ಎತ್ತಿದಾಗ ನೀವು ‘ಹೊರಗೆ ಒದಿ’ ಅನ್ನಿ. ನೀನು ಅಲ್ಲಿಂದ ‘ಆಡು, ಆಡು’ ಅನ್ನು.”

“ಯಾರಾದ್ರೂ ನೋಡಿದ್ರೆ ಏನಂದ್ಕೋತಾರೋ!” ಅಂದ ಇಸ್ತ್ರಿಯವನು.

“ನೀನು ಸೆಕೆಂಡ್ ಕ್ಲಾಸ್ ಅಂದ್ಕೋತಾರೆ. ಕೂಗಪ್ಪ.”

ಕೂಗಿದರು. ಇಸ್ತ್ರಿಯವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಗ್ಯಾಲರಿಯಿಂದ ಬಂದದ್ದು ಮಾತ್ರ ಬೆನ್ನ ಮೇಲೆ ಕೈಯಿಟ್ಟು ನೂಕಿದಂತೆ ಬಂತು. ಬೆರಳೆಣಿಕೆಯ ಜನಕ್ಕೇ ಹೀಗಾದರೆ, ಅವತ್ತು? ಮತ್ತೊಮ್ಮೆ ಕೂಗಿಸಿದ. ಮುಖ ತಿರುಗಿಸಿ ನಿಂತು ಇನ್ನೊಮ್ಮೆ. ಸಾಕೆಂದು ಕೈ ಇಳಿಸಿದಾಗ ಅವನ ಮುಖ ನೋಡಿ ಯಾರೂ ತಮಾಷೆ ಮಾಡಲಿಲ್ಲ.

ಅದಾದ ಮೇಲೆ ಮಗ ಬಂದ, ಕೂದಲು ಬೆಳೆದಿತ್ತೆಂದು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾಕಣ್ಣ ಕೊರಳಿಗೆ ಬಟ್ಟೆ ಕಟ್ಟಿದ, ಹಿಂದಿನ ಕೂದಲು ಇಳಿಸಿದ, ಕನ್ನಡಿ ನೋಡದೆ ಕೇಳಿದ.

“ಅವತ್ತು ನಾವು ಕೂಗಿದ್ದು ಕೇಳಿಸ್ತೇನೋ?”

“ಕೇಳಿಸ್ತಪ್ಪಾ.”

“ನಂದು?”

“ಮೊದಲು ನಿಂದೇ.”

ಕತ್ತರಿ ನಿಂತಿತು.

“ಆ ಹುಡುಗ, ಕ್ಯಾಪ್ಟನ್ನು, ಅವನು ಕೂಗ್ಲಿಲ್ವಾ?”

“ಆಡು ಅಂತ ಕೂಗಿದ್ನಂತೆ. ಆಮೇಲೆ ಹೇಳಿದ. ನಂಗೆ ಕೇಳ್ಸಿದ್ದು ನಿಮ್ಮದೇ.” ಮಗ ಬಟ್ಟೆಯ ಮೇಲೆ ಬಿದ್ದ ಕೂದಲು ಕೊಡವಿ ಅಂದ, “ನಿಮ್ಮನ್ನ ಬೈದು ಏನು ಮಾಡ್ಲಿ? ಲೆಕ್ಕ ನಂಗೂ ಗೊತ್ತಿತ್ತಲ್ಲ. ಹೂಟರ್ ಆಯ್ತು, ಅಪ್ಪ ಒದಿ ಅಂದ, ಕಾಲು ಒದೀತು.”

ಮಗ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಅದು ಯಾಕಣ್ಣನಿಗೆ ಚುಚ್ಚಿತು, ಅದೇ ಅವನನ್ನು ಎತ್ತಿ ನಿಲ್ಲಿಸಿತು ಕೂಡ. ಉತ್ತರ ಸಿಕ್ಕಿತ್ತಲ್ಲ, ಇನ್ನು ಅದರಿಂದ ಏನಾದರೂ ಮಾಡಬಹುದು.

“ನಾವು ಬಾಯಿ ಮುಚ್ಕೊಂಡಿದ್ರೆ ಅವನದು ಕೇಳ್ಸ್ತಿತ್ತು?”

“ಕೇಳ್ಸ್ತಿತ್ತು.”

“ಹಾಗಾದ್ರೆ ಇನ್ನೊಂದು ವರ್ಷ ಆಡು.”

“ಅಪ್ಪಾ, ಮೊಣಕಾಲು…”

“ಮೊಣಕಾಲಿಗೆ ನಿಮ್ಮ ಡಾಕ್ಟರಿದ್ದಾರೆ. ನೀನು ಆಟ ನೋಡ್ಕೋ. ಗ್ಯಾಲರಿ ನಂಗೆ ಬಿಡು.”

ಮಗ ಕನ್ನಡಿಯಲ್ಲಿ ಅಪ್ಪನನ್ನು ಬಹಳ ಹೊತ್ತು ನೋಡಿದ. ಕೊನೆಗೆ ನಕ್ಕ. “ಮೊದಲು ಬಲಗಿವಿ ಪಕ್ಕದ ಕೃದಾ ಸರಿಮಾಡು. ಮೇಲೆ ಕೆಳಗೆ ಆಗಿದೆ.”

ಮರುವರ್ಷ ಅವನ ಅಂಗಡಿಯಲ್ಲಿ ಬೇರೆ ಪಾಠ ನಡೆಯಿತು. ಹೂಟರ್ ಆದ ಮೇಲೆ ಉಸಿರೆತ್ತಬಾರದು. ಅಭ್ಯಾಸಕ್ಕೆಂದು ಇದ್ದಕ್ಕಿದ್ದಂತೆ ಬಾಯಲ್ಲಿ ‘ಪೋಂ’ ಎನ್ನುತ್ತಿದ್ದ, ಮಾತಾಡುತ್ತಿದ್ದವರೆಲ್ಲ ಅರ್ಧಕ್ಕೇ ನಿಲ್ಲಿಸಬೇಕು. ನಿಲ್ಲಿಸದವರು ಸರದಿಯಲ್ಲಿ ಹಿಂದಕ್ಕೆ.

“ಕೆಮ್ಮು ಬಂದ್ರೆ?” ಅಂತ ಕೇಳಿದ ಇಸ್ತ್ರಿಯವನು.

“ನುಂಗು.”

“ಸೀನು?”

“ಮನೇಲೇ ಸೀನಿ ಬಾ.”

ಆ ವರ್ಷವೂ ಕೊನೆಯ ಸುತ್ತು ನಮ್ಮೂರಿಗೇ ಬಂತು. ಯಾಕಣ್ಣನಿಗೆ ಆಗಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಪಂದ್ಯಕ್ಕೆ ಮೊದಲು ಗ್ಯಾಲರಿಯ ಸಾಲು ಸಾಲಿಗೂ ಹೋಗಿ, ಗುರುತಿಲ್ಲದವರಿಗೂ ಕೈಮುಗಿದು ಹೇಳಿ ಬಂದ. ಈ ಸಲ ಲೆಕ್ಕ ಸುಲಭ: ಗೆದ್ದರೆ ಬಡ್ತಿ, ಎಷ್ಟರಿಂದ ಗೆದ್ದರೂ ಸರಿ. ಸೋತರೆ ಮಗನ ಆಟ ಇಲ್ಲಿಗೇ ಮುಗಿಯಿತು.

ನಮ್ಮವರು ಕೂದಲೆಳೆಯಷ್ಟು ಮುಂದಿದ್ದಾಗ ಹೂಟರ್ ಕೂಗಿತು. ಚೆಂಡು ಎದುರಿನವರ ಕೈಯಲ್ಲಿ, ನಮ್ಮ ಗೆರೆಗೆ ತೀರ ಹತ್ತಿರ. ಗ್ಯಾಲರಿ ತಟ್ಟನೆ ಮೌನವಾಯಿತು. ಎದುರಿನ ತಂಡದ ಒಬ್ಬ ಏನಾಯಿತೆಂದು ತಲೆಯೆತ್ತಿ ನೋಡಿದ. ಬೂಟುಗಳು ಹುಲ್ಲು ಕೀಳುವ ಸದ್ದು ಕೇಳಿಸಿತು, ಮೈಗೆ ಮೈ ಬಡಿಯುವುದು ಕೇಳಿಸಿತು. ಕ್ಯಾಪ್ಟನ್ನಿನ ದನಿ ಕೇಳಿಸಿತು: “ಬಿಡ್ಬೇಡಿ! ಎಡಗಡೆ, ಎಡಗಡೆ!” ಆಮೇಲೆ ಇನ್ನೊಂದು ದನಿ, ದಪ್ಪ, ಜೋರು: “ಇವನನ್ನ ನಂಗೆ ಬಿಡಿ! ನಾನಿದ್ದೀನಿ!”

“ಯಾರ್ರೀ ಅದು?” ಎಂದು ಹೆಂಡತಿ ಪಿಸುಗುಟ್ಟಿದಳು.

ಯಾಕಣ್ಣ ಅವಳ ಕೈ ಹಿಡಿದುಕೊಂಡ. ಮನೆಯಲ್ಲಿ ಉಪ್ಪು ಕೇಳಲೂ ಗೊಣಗುವ ಮಗನೇ ಅದು. ಆಟದೊಳಗೆ ಅವನಿಗೆ ಇಂಥ ದನಿಯಿದೆಯೆಂದು ಇಷ್ಟು ವರ್ಷ ಇಬ್ಬರಿಗೂ ಗೊತ್ತಿರಲಿಲ್ಲ.

ಮಗ ಎದುರಿನವನನ್ನು ಸೊಂಟಕ್ಕೆ ಹಿಡಿದು ಕೆಡವಿದ. ಚೆಂಡು ಜಾರಿತು. ಯಾರೋ ಎತ್ತಿ ಹಿಂದಕ್ಕೆಸೆದರು, ಅಷ್ಟರಲ್ಲಿ ಎದ್ದು ನಿಂತಿದ್ದ ಮಗನ ಕೈಗೇ ಬಂತು. ಇಡೀ ಮೈದಾನಕ್ಕೆ ಕೇಳುವಂತೆ ಕ್ಯಾಪ್ಟನ್ ಕೂಗಿದ: “ಒದಿ! ಹೊರಗೆ!”

ಮಗ ಒದ್ದ. ಚೆಂಡು ಗೆರೆ ದಾಟಿತು. ರೆಫರಿ ಉದ್ದನೆಯ ಸೀಟಿ ಊದಿದ. ಮೈದಾನದಲ್ಲಿ ಏಳೂ ಜನ ಒಬ್ಬರ ಮೇಲೊಬ್ಬರು ಬಿದ್ದರು.

ಗ್ಯಾಲರಿಯಲ್ಲಿ ಯಾರೂ ಕಮಕ್ ಅನ್ನಲಿಲ್ಲ. ಬಾಯಿ ಬಿಡಬಹುದೋ ಬಾರದೋ ಯಾರಿಗೂ ಖಾತ್ರಿಯಿರಲಿಲ್ಲ. ಸಾಲು ಸಾಲಾಗಿ ತಲೆಗಳು ತಿರುಗಿ, ಎಲ್ಲರೂ ಯಾಕಣ್ಣನ ಮುಖವನ್ನೇ ನೋಡುತ್ತಿದ್ದರು. ಇಸ್ತ್ರಿಯವನಂತೂ ಎರಡೂ ಕೈಯಿಂದ ಬಾಯಿ ಅದುಮಿಕೊಂಡಿದ್ದ, ಕಣ್ಣಲ್ಲಿ ನೀರು. ಯಾಕಣ್ಣ ಮೈದಾನದಿಂದ ಕಣ್ಣು ಕಿತ್ತು ಸುತ್ತ ನೋಡಿದ, ಅವರೆಲ್ಲ ಏತಕ್ಕೆ ಕಾಯುತ್ತಿದ್ದಾರೆಂದು ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ.

“ಅಯ್ಯೋ, ಗೆದ್ವಲ್ರೋ,” ಅಂದ. “ಇನ್ನು ಕೂಗ್ರಪ್ಪಾ!”