ಬಿರಾದಾರ ಸರ್‌ಗೆಂದು ಬರೆದ ನಿಯಮ

“ಇಕಿ ಡಿಗ್ರಿ ತಗೊಂಡ್ರ ನಾ ಮೀಸಿ ಬೋಳಿಸ್ತೇನಿ” — ಹೀಗೆ ಅಂದವರು ಬಿರಾದಾರ ಸರ್, ಬಸವನ ಬಾಗೇವಾಡಿಯ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಅವರ ಮೇಲಿನ ಸೇಡಿಗಾಗಿ ನಾನು ಬಾಸ್ಕೆಟ್‌ಬಾಲ್ ಆಟಕ್ಕೆ ಒಂದು ನಿಯಮ ಬರೆದೆ. ಆಟದ ಒಳಿತಿಗೆ ಎಂದು ಸಭೆಯಲ್ಲಿ ಹೇಳಿದೆ. ಸುಳ್ಳು. ಆ ನಿಯಮ ಬಡಿದದ್ದು ಅವರಿಗಲ್ಲ, ಅಂಬಿಕಾ — ನಿನಗೆ.

ನೀನು ನನ್ನನ್ನು ರೆಫರಿ ಎಂದಷ್ಟೇ ಬಲ್ಲೆ. ನಿನಗಿಂತ ಎಷ್ಟೋ ವರ್ಷ ಮೊದಲು ಅದೇ ಅಂಗಳದಲ್ಲಿ, ಅದೇ ಸರ್ ಕೈಕೆಳಗೆ ನಾನೂ ಆಡಿದವಳು. ಅಪ್ಪ ಆಲಮಟ್ಟಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವ. ನಮ್ಮ ಮನೆಯಿಂದ ಕಾಲೇಜಿಗೆ ಹೋದವಳು ನಾನೇ ಮೊದಲು. ಶೂ ಕೊಳ್ಳುವ ಮಾತೇ ಇರಲಿಲ್ಲ. ಕಾಲೇಜಿನ ಸಾಮಾನಿನ ಕೋಣೆಯಲ್ಲಿ ಹಳೆಯ ಶೂಗಳಿದ್ದವು, ಎಲ್ಲ ಗಂಡುಹುಡುಗರ ಅಳತೆಯವು. ಮುಂದಿನ ತುದಿಗೆ ಬಟ್ಟೆ ತುರುಕಿ ಹಾಕಿಕೊಳ್ಳಬೇಕು. ಲೇಸ್ ಎಷ್ಟು ಬಿಗಿದರೂ ನಾಲ್ಕು ಹೆಜ್ಜೆ ಓಡುವುದರೊಳಗೆ ಸಡಿಲ. ಮನೆಯಿಂದ ಹೊಸ ಶೂ ತಂದವರು ಓಡುತ್ತಿದ್ದರು. ನಾನು ಮಂಡಿಯೂರಿ ಕಟ್ಟುತ್ತ ಕೂರುತ್ತಿದ್ದೆ.

ಹಾಗೆ ಕೂತಿದ್ದಾಗಲೇ ಒಂದು ಸಂಜೆ ಸರ್ ಬಂದು ನನ್ನ ತಲೆಯ ಮೇಲೆ ನಿಂತರು. ತಂಡವೆಲ್ಲ ನೋಡುತ್ತಿತ್ತು.

“ಏ ಕಸ್ತೂರಿ, ಗಾಳ ಕಟ್ಟಾಕತ್ತೀ ಏನ? ಲೇಸ್ ಕಟ್ಟಾಕ ಬರೂದಿಲ್ಲ, ಡಿಗ್ರಿ ಮಾಡ್ತಾಳಂತ ಡಿಗ್ರಿ!” ಅದರ ಹಿಂದೆಯೇ ಆ ಮೀಸೆಯ ಮಾತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಅಂದದ್ದಕ್ಕಿಂತ ಹೆಚ್ಚು ಉರಿಯುವುದು ಅದು — ನಾನೂ ನಕ್ಕದ್ದು.

ಡಿಗ್ರಿ ತಗೊಂಡೆ. ಇಂಗ್ಲಿಷ್‌ನಲ್ಲಿ ಬಿದ್ದು, ಮತ್ತೆ ಬಿದ್ದು, ಹಟ ಹಿಡಿದು ಎದ್ದು ತಗೊಂಡೆ. ಬಿ.ಪಿ.ಎಡ್. ಮುಗಿಸಿದೆ. ನಿಡಗುಂದಿಯಲ್ಲಿ ಅತಿಥಿ ದೈಹಿಕ ಶಿಕ್ಷಕಿಯಾದೆ, ಪರೀಕ್ಷೆ ಬರೆದು ರೆಫರಿಯಾದೆ. ಒಂದು ದಿನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಸರ್ ಎದುರಾದರು. ಮೀಸೆ ಇದ್ದಲ್ಲೇ ಇತ್ತು, ತುದಿ ಹುರಿಮಾಡಿಕೊಂಡು.

“ಡಿಗ್ರಿ ಆತ್ರಿ ಸರ್.”

“ಚಲೋ ಆತು. ಯಾರವಾ ನೀ? ಯಾವ ಬ್ಯಾಚು?”

ಮರೆತಿದ್ದರು. ಅಂದದ್ದನ್ನೂ, ಅನಿಸಿಕೊಂಡವಳನ್ನೂ. ಬೈದದ್ದನ್ನಾದರೂ ಬಿಟ್ಟುಬಿಡುತ್ತಿದ್ದೆನೇನೋ, ಮರೆತದ್ದನ್ನು ಮಾತ್ರ — ಇಲ್ಲ. ಬಿಡುವುದು ಸಾಧ್ಯವೇ ಇರಲಿಲ್ಲ.

ಆಗ ಸಿಕ್ಕಿತು ಆ ಸಭೆ. ಅಂತರ ಕಾಲೇಜು ಪಂದ್ಯಗಳಲ್ಲಿ ಆಟ ಮಾತುಮಾತಿಗೆ ನಿಲ್ಲುತ್ತದೆ, ನೋಡುವವರು ಎದ್ದು ಹೋಗುತ್ತಾರೆ ಎಂಬ ದೂರಿತ್ತು. ಆಟ ಸರಾಗವಾಗಿ ಸಾಗಲು ನಿಯಮಗಳಲ್ಲಿ ಏನೇನು ಬದಲಿಸಬಹುದೆಂದು ದೈಹಿಕ ಶಿಕ್ಷಕರನ್ನೂ ರೆಫರಿಗಳನ್ನೂ ಯೂನಿವರ್ಸಿಟಿಯವರು ಕರೆದು ಕೇಳಿದರು. ತಂಡಗಳು ಕೇಳಿ ಪಡೆಯುವ ಟೈಮ್‌ಔಟ್ ಕಡಿಮೆ ಮಾಡಿ, ಅರ್ಧ ಆಟಕ್ಕೆ ಒಂದೇ ಸಾಕು ಎಂದರು ಒಬ್ಬರು. “ನಮ್ಮ ಕಡೆ ಬಾಲ್ ಕಂಪೌಂಡ್ ಹಾರಿ ರೋಡಿಗಿ ಹೋದ್ರ ಅದ ಟೈಮ್‌ಔಟ್ ಆಕ್ಕೈತ್ರಿ. ಟೇಬಲ್ ಮ್ಯಾಲ ಇನ್ನೊಂದು ಬಾಲ್ ಇಡ್ರಿ ಮೊದಲ” ಎಂದು ಸಿಂದಗಿಯಿಂದ ಬಂದವರು ನಗಿಸಿದರು.

ನಾನು ಎದ್ದು ನಿಂತೆ. ಲೇಸ್ ಕಟ್ಟಿಕೊಳ್ಳಲು ಯಾರಿಗಾಗಿಯಾದರೂ ಆಟ ನಿಲ್ಲಿಸಬೇಕಾಗಿ ಬಂದರೆ ಆ ಆಟಗಾರ್ತಿ ಹೊರಗೆ ಹೋಗಬೇಕು. ಮುಂದಿನ ಟೈಮ್‌ಔಟ್ ಬರುವ ತನಕ, ಇಲ್ಲವೇ ಆ ಕ್ವಾರ್ಟರ್ ಮುಗಿಯುವ ತನಕ ಒಳಗೆ ಬರುವಂತಿಲ್ಲ — ಎಂದೆ. ಬಾಗೇವಾಡಿಯ ಆ ಕೋಣೆಯ ಶೂಗಳು ಇನ್ನೂ ಬದಲಾಗಿಲ್ಲವೆಂದು ನನಗೆ ಗೊತ್ತಿತ್ತು. ಸರ್ ತಂಡ ಬಿಚ್ಚಿ ಬೀಳುತ್ತದೆಂದು ಗೊತ್ತಿತ್ತು. ಅದಕ್ಕಾಗಿಯೇ ಬರೆದೆ. ಆ ಶೂಗಳ ಒಳಗೆ ಕಾಲುಗಳೂ ಇರುತ್ತವೆಂದು — ನನಗೆ, ಎಲ್ಲರನ್ನೂ ಬಿಟ್ಟು ನನಗೆ — ಹೊಳೆಯಲಿಲ್ಲ. ಹೊಳೆಯಿತೋ, ನಾನೇ ತಳ್ಳಿಹಾಕಿದೆನೋ.

ಮೊದಲು ಒಪ್ಪಿದವರು ಯಾರು ಗೊತ್ತೇ? ಬಿರಾದಾರ ಸರ್. “ಭೇಷ್ ಮೇಡಂ! ಲೇಸ್ ಕಟ್ಟಾಕ ಬರದವರು ಆಡೂದ ಬ್ಯಾಡ.”

ನಿಯಮ ಪ್ರಯೋಗಕ್ಕೆಂದು ಜಾರಿಯಾಯಿತು.

ಮುದ್ದೇಬಿಹಾಳದ ಆ ಫೈನಲ್ ನಿನಗೆ ನೆನಪಿರುತ್ತದೆ. ಪೆಂಡಾಲಿನ ಕೆಳಗೆ ಯೂನಿವರ್ಸಿಟಿ ತಂಡಕ್ಕೆ ಆರಿಸುವವರು ಕೂತಿದ್ದರು. ಆ ತಂಡ ಸೇರಿದರೆ ನಿನಗೆ ಕ್ರೀಡಾ ಕೋಟಾದಲ್ಲಿ ಬಿ.ಪಿ.ಎಡ್. ಸೀಟು, ಬೇರೆ ದಾರಿಯಿಲ್ಲ ಎಂದು ನಿನ್ನ ಗೆಳತಿಯರೇ ಟೇಬಲ್ ಹತ್ತಿರ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಕೊನೆಯ ಕ್ವಾರ್ಟರ್. ನಿಮ್ಮ ತಂಡ ಮುಂದಿತ್ತು, ನೀನಿದ್ದೆ ಎಂದೇ ಮುಂದಿತ್ತು. ಸರ್ ತಮ್ಮ ಟೈಮ್‌ಔಟ್ ಆಗಲೇ ಖರ್ಚು ಮಾಡಿದ್ದರು. ನೀನು ಕೈಯೆತ್ತಿದೆ.

“ಮೇಡಂ, ಲೇಸ್ ಬಿಚ್ಚೇತ್ರಿ…”

ಚೆಂಡು ಗೆರೆಯಾಚೆ ಹೋಗುವವರೆಗೆ ನಾನು ತಡೆಯಬಹುದಿತ್ತು. ಅದನ್ನು ತರುವಷ್ಟರಲ್ಲಿ ನೀನು ಕಟ್ಟಿಕೊಳ್ಳುತ್ತಿದ್ದೆ, ಯಾವ ನಿಯಮವೂ ಬೇಕಾಗುತ್ತಿರಲಿಲ್ಲ. ತಡೆಯಲಿಲ್ಲ. ಸೀಟಿ ಊದಿದೆ.

“ಹೊರಗ.”

ಅಂದದ್ದು ನಿನಗೆ. ಕಣ್ಣು ಮಾತ್ರ ಸರ್ ಮೇಲಿತ್ತು. ಅವರು ಓಡಿ ಬಂದರು, “ತಲಿ ಐತೇನ್ರೀ ನಿಮಗ? ಎಂಥಾ ರೂಲ್ರೀ ಇದು!” ಎಂದು ಕೂಗುತ್ತ.

“ನೀವ ಭೇಷ್ ಅಂದಿದ್ರಲ್ರೀ ಸರ್” ಎಂದೆ. ಕೂಗಿದ್ದಕ್ಕೆ ಟೆಕ್ನಿಕಲ್ ಫೌಲ್ ತೋರಿಸಿದೆ. ಅವರ ಮುಖ ಕಪ್ಪಿಟ್ಟಿತು. ಸುಳ್ಳೇಕೆ — ಸಿಹಿಯಾಗಿತ್ತು ಅಂಬಿಕಾ. ಇವತ್ತು ನೆನೆದರೂ ಸಿಹಿಯಾಗಿಯೇ ಇದೆ.

ಆಮೇಲೆ ಆಟ ಸರಾಗವಾಗಿ ಸಾಗಿತು, ನಾನು ಸಭೆಯಲ್ಲಿ ಹೇಳಿದ ಹಾಗೆಯೇ. ಎದುರು ತಂಡದವರು ಟೈಮ್‌ಔಟ್ ಕೇಳಲಿಲ್ಲ, ಯಾಕೆ ಕೇಳಿಯಾರು? ನೀನು ಲೇಸ್ ಬಿಗಿದು ಮುಗಿಸಿ ಗೆರೆಯ ಹೊರಗೆ ನಿಂತೇ ಇದ್ದೆ. ನಿನ್ನ ಬದಲು ಇಳಿದವಳು ಚೆಂಡು ಕೈಗೆ ಬಂದರೆ ಬೆದರುತ್ತಿದ್ದಳು. ಸೋತಿರಿ. “ಆ ಹುಡುಗಿ ಕಡೀಕ ಆಡಲೇ ಇಲ್ಲಲ್ಲ” ಎಂದು ಆರಿಸುವವರಲ್ಲಿ ಒಬ್ಬರು ಅಂದರು. ನಾನು ಪಕ್ಕದಲ್ಲೇ ನೀರು ಕುಡಿಯುತ್ತಿದ್ದೆ. ‘ಆಡಲಿಲ್ಲ ಅಲ್ಲ, ನಾನು ಆಡಗೊಡಲಿಲ್ಲ’ ಎಂದು ಒಂದು ಮಾತು — ನೀರು ಕುಡಿದೆ, ಅಷ್ಟೇ.

ಬಿರಾದಾರ ಸರ್‌ಗೆ ಆಗಿದ್ದೇನು? ಒಂದು ಕಪ್ ಹೋಯಿತು. ಮರುವರ್ಷ ಇನ್ನೊಂದು ಗೆದ್ದರು. ನಿನ್ನ ಸೀಟು ಮಾತ್ರ ಮರುವರ್ಷ ಬರಲಿಲ್ಲ. ನೀನೀಗ ಬಾಗೇವಾಡಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತೀ ಎಂದು ಕೇಳಿ ಆ ಅಂಗಡಿಯ ಬಾಗಿಲ ತನಕ ಬಂದಿದ್ದೆ. ಒಳಗೆ ಬರಲು…

ಆ ನಿಯಮವನ್ನು ಈಗ ಕಾಯಂ ಮಾಡುತ್ತಾರಂತೆ, ಅದಕ್ಕೆ ಮತ್ತೆ ಸಭೆ. ಹೋಗುತ್ತೇನೆ. ಅದನ್ನು ತೆಗೆಯಿರಿ ಎನ್ನುತ್ತೇನೆ, ಯಾರ ಮೇಲಿನ ಸಿಟ್ಟಿಗೆ ಬರೆದೆನೆಂದು ಅವರೆದುರೇ ಹೇಳುತ್ತೇನೆ. ಸರ್‌ಗೆ ಕ್ಷಮೆ ಕೇಳುವುದಿಲ್ಲ. ಆ ಋಣ ನನಗಿಲ್ಲ. ನಿನ್ನ ಮುಂದೆ ಬಂದು ನಿಲ್ಲುತ್ತೇನೆ. ನೀನು ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ.

ಆದರೆ ನಿನಗೆ ಗೊತ್ತಿಲ್ಲದ ಒಂದು ಗಳಿಗೆ ಉಳಿದಿದೆ. ಅವತ್ತು ಸಂಜೆ ಸೋತ ತಂಡಕ್ಕೆ ಪ್ರಮಾಣಪತ್ರ ಕೊಡುವ ಕೆಲಸ ನನಗೆ ಬಂತು. ನೀನು ತಲೆ ತಗ್ಗಿಸಿ, ತಗೊಂಡು, ಬಸ್ಸಿನತ್ತ ನಡೆದುಬಿಟ್ಟೆ. ಜನರ ನಡುವಿನಿಂದ ನಿನ್ನ ಅವ್ವ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡು ಅಂದಳು:

“ಅಕ್ಕೋರ, ನೀವು ಒಂದು ಸೀಟಿ ಊದಿದ್ರ ಇಷ್ಟ ಮಂದಿ ನಿಂದರತಾರ ನೋಡ್ರಿ. ನಮ್ಮ ಹುಡುಗಿನೂ ನಿಮ್ಮಂಗ ಮಾಡ್ರಿ.”