ಯೂರೋ ತಿದ್ದುಪಡಿ ಪಾಸಾದ ದಿನ

ಯುರೋಪಿನಲ್ಲಿ ನರ್ಸ್ ಆಗಿದ್ದ ತಂಗಿ ಆ ಸಂಜೆ ವೃದ್ಧಾಶ್ರಮದಿಂದಲೇ ವಿಡಿಯೋ ಕಾಲ್ ಮಾಡಿದಳು. ಯೂರೋ ಬಳಸುವ ದೇಶಗಳು ಸಂಕಟಕ್ಕೆ ಸಿಕ್ಕಿದರೆ ಖರ್ಚು ಕಡಿತದಂಥ ಕಠಿಣ ಷರತ್ತು ಹಾಕಿ ನೆರವು ಕೊಡುವ ಒಪ್ಪಂದದ ತಿದ್ದುಪಡಿಗೆ ಅಲ್ಲಿನ ಸಂಸತ್ತು ಆಗಷ್ಟೇ ಒಪ್ಪಿಗೆ ಕೊಟ್ಟಿತ್ತು. ಅವಳು ನೋಡಿಕೊಳ್ಳುತ್ತಿದ್ದ ಅಜ್ಜ ಟಿವಿ ಮುಂದೆ ಅಳುತ್ತಿದ್ದರು.

"ಅಕ್ಕ, ನೀನು ಶಾಲೆಯಲ್ಲಿ ಸಂವಿಧಾನ ಕಲಿಸುದಲ್ವಾ? ಇವರ ಪಿಂಚಣಿ ಕಡಿಮೆ ಆಗ್ತದಾ? ಬೆಳಗ್ಗಿಂದ ಅದನ್ನೇ ಕೇಳ್ತಾ ಇದ್ದಾರೆ."

ಆಲಂಕಾರು ಗ್ರಾಮದ ನಮ್ಮ ಮನೆಯ ಜಗಲಿಯಲ್ಲಿ ಕೂತು ಇಡೀ ಸುದ್ದಿಯನ್ನು ಎರಡು ಸಲ ಓದಿದೆ.

"ನನಗೆ ಗೊತ್ತಿಲ್ಲ ಮಾರಾಯ್ತಿ. ಅವರ ಕೈ ಹಿಡಿದುಕೋ."

"ಹಿಡಿದೇ ಇದ್ದೇನೆ," ಎಂದಳು. "ಅವರು ಬಿಡುದೇ ಇಲ್ಲ."

ಅಜ್ಜ ಪರದೆಯಲ್ಲಿ ನನ್ನನ್ನು ಕಂಡು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. "ಅದೇ ಪಿಂಚಣಿಯ ಪ್ರಶ್ನೆ," ಎಂದಳು ತಂಗಿ. ನಾನು ಅವರಿಗೆ ಕೈಮುಗಿದೆ.